ಡಿಲೀಟ್ ಒತ್ತಿದ ಮೇಲೆ ಎಷ್ಟು ಸಾಲು ಹೋಯಿತು ಅಂತ ಕೇಳಿದಿರಾ?

ಪ್ರಶ್ನೆ: ನಮ್ಮೂರಿನ ಹಾಲಿನ ಡೇರಿಗೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಡೇಟಾಬೇಸ್ ಎಸ್‌ಕ್ಯೂಲೈಟ್. ಸುಮಾರು 200 ಸದಸ್ಯರಿದ್ದಾರೆ, ಬೆಳಿಗ್ಗೆ ಸಂಜೆ ಹಾಲಿನ ಎಂಟ್ರಿ ಆಗುತ್ತದೆ. ಸದಸ್ಯರನ್ನು ತೆಗೆಯುವ ಡಿಲೀಟ್ ಬಟನ್ ಮೊದಲಿಂದಲೂ ಕಾಟ ಕೊಡುತ್ತಿದೆ. ಅಳಿಸಿದವರು ಕೆಲವು ಸಲ ಮಾರನೇ ದಿನ ಮತ್ತೆ ಪಟ್ಟಿಯಲ್ಲಿ ಬರುತ್ತಿದ್ದರು, ಕೆಲವು ಸಲ ಇಲ್ಲ. 1ರಿಂದ 9ರವರೆಗಿನ ಸಂಖ್ಯೆ ಕೊಟ್ಟರೆ ಅಳಿಸುತ್ತಿತ್ತು, 10ರಿಂದ ಮೇಲೆ ಎರರ್. ಗೆಳೆಯನೊಬ್ಬ ಎಫ್-ಸ್ಟ್ರಿಂಗ್ (ಬೆಲೆಯನ್ನು ವಾಕ್ಯದೊಳಗೇ ಸೇರಿಸಿಬಿಡುವ ಪೈಥಾನ್ ವಿಧಾನ) ಬಳಸು, ಕೊನೆಗೆ ಕಮಿಟ್ (ಬದಲಾವಣೆ ಪಕ್ಕಾ ಮಾಡುವ ಆಜ್ಞೆ) ಹಾಕು ಅಂದ. ಹಾಗೇ ಮಾಡಿದೆ. ಹೆಸರಿನಿಂದಲೂ ಅಳಿಸಲಿ ಅಂತ ಲೈಕ್ (ಹೆಸರಿನ ಒಂದು ಭಾಗ ಹೊಂದಿದರೂ ಸಾಕು ಅನ್ನುವ ಷರತ್ತು) ಸೇರಿಸಿದೆ. ಹೋದ ವಾರ ಹೆಸರಿನ ಬಾಕ್ಸ್ ಖಾಲಿ ಇರುವಾಗ ಬಟನ್ ಒತ್ತಿಬಿಟ್ಟೆ, ಎಲ್ಲ ಸದಸ್ಯರೂ ಹೋದರು. ಪೆನ್‌ಡ್ರೈವ್‌ನಲ್ಲಿದ್ದ ಹಳೇ ಕಾಪಿಯಿಂದ ಸದಸ್ಯರ ಪಟ್ಟಿ ಮಾತ್ರ ವಾಪಸ್ ಹಾಕಿದ್ದೇನೆ. ಇನ್ನೊಂದು ವಿಚಿತ್ರ: ಈಚೆಗೆ ಸೇರಿದ ಒಬ್ಬರ ಲೆಕ್ಕದಲ್ಲಿ ಅವರು ಸೇರುವ ಮೊದಲಿನ ಹಾಲೂ ತೋರಿಸುತ್ತಿದೆ. ಡಿಲೀಟ್ ಸರಿಯಾಗಿ ಬರೆಯುವುದು ಹೇಗೆ? ಮೂರು ವರ್ಷಕ್ಕಿಂತ ಹಳೇ ಎಂಟ್ರಿ ತೆಗೆದರೆ ಪ್ರೋಗ್ರಾಂ ಫಾಸ್ಟ್ ಆಗುತ್ತಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಪ್ರೋಗ್ರಾಂ ಮುಚ್ಚಿ, ಡೇಟಾಬೇಸ್ ಫೈಲನ್ನು ಇವತ್ತಿನ ತಾರೀಖು ಹಾಕಿ ಇನ್ನೊಂದು ಕಡೆ ಕಾಪಿ ಮಾಡಿಡಿ. ಮುಂದೆ ಹೇಳುವುದನ್ನೆಲ್ಲ ಆ ಕಾಪಿಯ ಮೇಲೆ ಮಾಡಿ ನೋಡಿ, ಸರಿ ಬಂದರೆ ಅಸಲಿನ ಮೇಲೆ ಮಾಡಿ. ಸ್ಟೇಟ್‌ಮೆಂಟ್‌ಗಳನ್ನು ಓದಲು ಸುಲಭವಾಗಲಿ ಅಂತ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಡಿಲೀಟ್, ಫ್ರಮ್, ವೇರ್ ಇವನ್ನೆಲ್ಲ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಟೇಬಲ್, ಕಾಲಂ ಹೆಸರುಗಳು ಕನ್ನಡದಲ್ಲಿದ್ದರೂ ಎಸ್‌ಕ್ಯೂಲೈಟ್ ಒಪ್ಪಿಕೊಳ್ಳುತ್ತದೆ.

ಅಳಿಸಿದವರು ಯಾಕೆ ವಾಪಸ್ ಬರುತ್ತಿದ್ದರು ಅನ್ನುವುದರಿಂದ ಶುರು ಮಾಡೋಣ. ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್ ನೀವು ಕೇಳದಿದ್ದರೂ ಡಿಲೀಟ್‌ಗೆ ಮುಂಚೆ ತಾನೇ ಒಂದು ಟ್ರಾನ್ಸಾಕ್ಷನ್ (ಒಟ್ಟಿಗೆ ಪಕ್ಕಾ ಆಗುವ ಅಥವಾ ಒಟ್ಟಿಗೆ ರದ್ದಾಗುವ ಬದಲಾವಣೆಗಳ ಗುಂಪು) ತೆರೆಯುತ್ತದೆ. ಕಮಿಟ್ ಹೇಳುವ ತನಕ ಆ ಅಳಿಸುವಿಕೆ ಪೆನ್ಸಿಲ್‌ನಲ್ಲಿ ಬರೆದ ಹಾಗೆ. ಅದೇ ಕನೆಕ್ಷನ್‌ನಿಂದ (ಪ್ರೋಗ್ರಾಂ ಡೇಟಾಬೇಸ್ ಜೊತೆ ಇಟ್ಟುಕೊಂಡ ಕೊಂಡಿ) ಪಟ್ಟಿ ತೆಗೆದರೆ ಸದಸ್ಯ ಇಲ್ಲ ಅಂತಲೇ ತೋರಿಸುತ್ತದೆ. ಹಾಗಾಗಿ ನಿಮಗೆ ಕೆಲಸ ಆಯ್ತು ಅನ್ನಿಸುತ್ತದೆ. ಕಮಿಟ್ ಇಲ್ಲದೆ ಪ್ರೋಗ್ರಾಂ ಮುಚ್ಚಿದರೆ ಎಲ್ಲ ಹಿಂದಕ್ಕೆ ಹೋಗುತ್ತದೆ, ಮಾರನೇ ದಿನ ಸದಸ್ಯ ಹಾಜರ್.

ಹಾಗಾದರೆ ಕೆಲವು ಸಲ ನಿಜವಾಗಿಯೇ ಅಳಿಸಿಹೋಗುತ್ತಿದ್ದದ್ದು ಹೇಗೆ? ಹಾಲಿನ ಎಂಟ್ರಿ ಸೇರಿಸುವ ಫಂಕ್ಷನ್‌ನಲ್ಲಿ ನೀವು ಕಮಿಟ್ ಹಾಕಿರುತ್ತೀರಿ. ಸದಸ್ಯನನ್ನು ಅಳಿಸಿದ ಮೇಲೆ, ಅದೇ ಕನೆಕ್ಷನ್‌ನಲ್ಲಿ ಯಾರದ್ದಾದರೂ ಹಾಲು ಎಂಟ್ರಿ ಮಾಡಿದ್ದರೆ, ಆ ಕಮಿಟ್ ಬಾಕಿ ಇದ್ದ ಡಿಲೀಟನ್ನೂ ಸೇರಿಸಿಕೊಂಡು ಪಕ್ಕಾ ಮಾಡುತ್ತದೆ. ಹಾಲು ಹಾಕುವ ಹೊತ್ತಿಗೆ ಮುಂಚೆ ಅಳಿಸಿದವರು ಹೋದರು, ಎಲ್ಲ ಎಂಟ್ರಿ ಮುಗಿದ ಮೇಲೆ ಅಳಿಸಿದವರು ಉಳಿದರು. ಇನ್ನೊಂದು ಕಂಪ್ಯೂಟರ್‌ನಿಂದಲೋ ಇನ್ನೊಂದು ವಿಂಡೋದಿಂದಲೋ ಬರೆಯಲು ಹೋದಾಗ ಡೇಟಾಬೇಸ್ ಈಸ್ ಲಾಕ್ಡ್ ಅಂತ ಬಂದಿದ್ದರೆ, ಅದಕ್ಕೂ ಕಾರಣ ಬಹುಪಾಲು ಇದೇ. ಬಾಕಿ ಇರುವ ಟ್ರಾನ್ಸಾಕ್ಷನ್ ಬೇರೆಯವರು ಬರೆಯದ ಹಾಗೆ ಬಾಗಿಲು ಹಾಕಿಕೊಂಡಿರುತ್ತದೆ. ಪೈಥಾನ್ 5 ಸೆಕೆಂಡ್ ಕಾದು, ಆಮೇಲೆ ಎರರ್ ಕೊಡುತ್ತದೆ.

ಮುಂದೆ ಜಾವಾಕ್ಕೆ ಹೋದರೆ ಇದರ ಉಲ್ಟಾ. ಜೆಡಿಬಿಸಿ (ಜಾವಾದಿಂದ ಡೇಟಾಬೇಸ್ ಬಳಸುವ ದಾರಿ) ಕನೆಕ್ಷನ್‌ನಲ್ಲಿ ಆಟೋಕಮಿಟ್ ಮೊದಲೇ ಆನ್ ಇರುತ್ತದೆ, ಡಿಲೀಟ್ ಓಡಿದ ತಕ್ಷಣ ಮುಗಿಯಿತು. ಒಂದು ಕಡೆಯ ಅಭ್ಯಾಸ ಇನ್ನೊಂದು ಕಡೆ ತಲೆ ಮೇಲೆ ಬೀಳುವುದು ಹೀಗೇ.

ಈಗ 9 ಮತ್ತು 10ರ ರಹಸ್ಯ. ನಿಮ್ಮ ಹಳೇ ಕೋಡ್‌ನಲ್ಲಿ ಬೆಲೆ ಬರುವ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇತ್ತು, ಅದು ಸರಿಯಾಗಿಯೇ ಇತ್ತು. ತಪ್ಪಿದ್ದು ಬೆಲೆ ಕೊಟ್ಟ ರೀತಿಯಲ್ಲಿ. ಸ್ಟೇಟ್‌ಮೆಂಟ್ ಓಡಿಸುವ ಎಕ್ಸಿಕ್ಯೂಟ್‌ಗೆ ಎರಡನೆಯದಾಗಿ ಬೆಲೆಗಳ ಒಂದು ಸಾಲು ಕೊಡಬೇಕು. ನೀವು ಟೆಕ್ಸ್ಟ್ ಬಾಕ್ಸ್‌ನಿಂದ ಬಂದ ಸ್ಟ್ರಿಂಗನ್ನು ನೇರ ಕೊಟ್ಟಿರಿ. ಪೈಥಾನ್‌ಗೆ ಸ್ಟ್ರಿಂಗ್ ಅಂದರೂ ಅಕ್ಷರಗಳ ಸಾಲೇ. '7' ಒಂದು ಅಕ್ಷರ, ಒಂದು ಪ್ರಶ್ನಾರ್ಥಕಕ್ಕೆ ಸರಿಹೋಯಿತು. '12' ಎರಡು ಅಕ್ಷರ. ಹಾಗಾಗಿ ಒಂದು ಬೇಕು, ಎರಡು ಕೊಟ್ಟಿದ್ದೀಯ ಅಂತ ಎರರ್ ಬಂತು. ಬ್ರ್ಯಾಕೆಟ್ ಒಳಗೆ ಸಂಖ್ಯೆ, ಅದರ ಮುಂದೆ ಒಂದು ಅಲ್ಪವಿರಾಮ ಹಾಕಿದ್ದರೆ ಮುಗಿಯುತ್ತಿತ್ತು. ಆ ಅಲ್ಪವಿರಾಮ ಬಿಟ್ಟರೆ ಅದು ಟ್ಯೂಪಲ್ (ಬೆಲೆಗಳ ಸಾಲು) ಆಗೋದಿಲ್ಲ, ಸುಮ್ನೆ ಬ್ರ್ಯಾಕೆಟ್ ಅಷ್ಟೇ.

ನಿಮ್ಮ ಗೆಳೆಯ ಹೇಳಿದ ಎರಡು ಮಾತಲ್ಲಿ ಕಮಿಟ್ ಸರಿ, ಎಫ್-ಸ್ಟ್ರಿಂಗ್ ತಪ್ಪು. ಎಫ್-ಸ್ಟ್ರಿಂಗ್ ಬಳಸಿದಾಗ ಬಾಕ್ಸ್‌ನಲ್ಲಿ ಬರೆದದ್ದು ಬೆಲೆಯಾಗಿ ಉಳಿಯುವುದಿಲ್ಲ, ಸ್ಟೇಟ್‌ಮೆಂಟ್‌ನ ಭಾಗವೇ ಆಗಿಬಿಡುತ್ತದೆ. ಮಂಗಳೂರು ಕಡೆಯವರು ಯಾರಾದರೂ ಡಿ'ಸೋಜ ಅಂತ ಹೆಸರು ಬರೆದರೆ ಸಾಕು, ಆ ಮಧ್ಯದ ಚಿಹ್ನೆಯಲ್ಲಿ ಸ್ಟ್ರಿಂಗ್ ಮುಗಿದು ಸಿಂಟ್ಯಾಕ್ಸ್ ಎರರ್ ಬರುತ್ತದೆ. ಎರರ್ ಬಂದರೆ ಪುಣ್ಯ. x' ಆರ್ '1' ಲೈಕ್ '1 ಅಂತ ಯಾರಾದರೂ ಬೇಕಂತಲೇ ಬರೆದರೆ ವೇರ್ ಷರತ್ತು ಎಲ್ಲ ಸಾಲಿಗೂ ನಿಜವಾಗುತ್ತದೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನುತ್ತಾರೆ. ಪೈಥಾನ್‌ನ ಎಕ್ಸಿಕ್ಯೂಟ್ ಒಂದು ಸಲಕ್ಕೆ ಒಂದೇ ಸ್ಟೇಟ್‌ಮೆಂಟ್ ಓಡಿಸುತ್ತದೆ, ಹಾಗಾಗಿ ಸೆಮಿಕೋಲನ್ ಹಾಕಿ ಡ್ರಾಪ್ ಟೇಬಲ್ ಸೇರಿಸುವ ಆಟ ಇಲ್ಲಿ ನಡೆಯೋದಿಲ್ಲ. ಆದರೆ ಟೇಬಲ್ ಖಾಲಿ ಮಾಡಲು ಮೇಲಿನದ್ದೇ ಸಾಕಲ್ವಾ. ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಬಾಕ್ಸ್‌ನಲ್ಲಿ ಏನೇ ಬರೆದರೂ ಅದು ಬರೀ ಬೆಲೆ.

ನಿಮ್ಮಲ್ಲಿ ಎಲ್ಲ ಹೋಗಿದ್ದು ಮಾತ್ರ ಇಂಜೆಕ್ಷನ್‌ನಿಂದ ಅಲ್ಲ, ಲೈಕ್‌ನಿಂದ. ಹೆಸರಿನ ಎರಡೂ ಕಡೆ ಶೇಕಡಾ ಚಿಹ್ನೆ ಹಾಕಿದ್ದೀರಿ. ಬಾಕ್ಸ್ ಖಾಲಿ ಇದ್ದರೆ ಉಳಿಯುವುದು '%%'. ಅದಕ್ಕೆ ಹೆಸರಿರುವ ಎಲ್ಲ ಸಾಲೂ ಹೊಂದುತ್ತದೆ. ಇಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಳಸಿದ್ದರೂ ಕಾಪಾಡುತ್ತಿರಲಿಲ್ಲ. ಬಾಕ್ಸ್ ಖಾಲಿ ಇಲ್ಲದಿದ್ದರೂ ಕಷ್ಟವೇ: ರಾಮ ಅಂತ ಬರೆದರೆ ರಾಮಯ್ಯ, ರಾಮಕ್ಕ, ಶಿವರಾಮು ಮೂವರೂ ಒಟ್ಟಿಗೆ ಹೋಗುತ್ತಾರೆ. ಹೆಸರು ಹುಡುಕುವುದಕ್ಕೆ. ಅಳಿಸುವುದು ಪ್ರೈಮರಿ ಕೀ (ಒಬ್ಬೊಬ್ಬರಿಗೂ ಬೇರೆಯಾಗಿರುವ ಸಂಖ್ಯೆ) ಹಿಡಿದೇ ಆಗಬೇಕು. ಹೆಸರು ಬರೆದಾಗ ಸೆಲೆಕ್ಟ್‌ನಿಂದ ಪಟ್ಟಿ ತೋರಿಸಿ, ಅದರಲ್ಲಿ ಒಬ್ಬರನ್ನು ಆರಿಸಿದ ಮೇಲೆ ಅವರ ಸಂಖ್ಯೆ ಮಾತ್ರ ಡಿಲೀಟ್‌ಗೆ ಹೋಗಲಿ.

ಇಷ್ಟು ಹೇಳಿದ ಮೇಲೂ ಒಂದು ದೊಡ್ಡ ಕೊರತೆ ಉಳಿಯುತ್ತದೆ, ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಇದೇ. ಡಿಲೀಟ್ ಓಡಿಸುವ ಮುಂಚೆ ಎಷ್ಟು ಸಾಲು ಹೋಗಬೇಕು ಅಂತ ನಿಮಗೆ ಗೊತ್ತಿರುತ್ತದೆ: ಒಂದು. ಓಡಿದ ಮೇಲೆ ಎಷ್ಟು ಹೋಯಿತು ಅಂತ ಡೇಟಾಬೇಸ್‌ಗೆ ಗೊತ್ತಿರುತ್ತದೆ. ನಿಮ್ಮ ಕೋಡ್ ಇವೆರಡನ್ನೂ ಹೋಲಿಸುತ್ತಿಲ್ಲ. ಟ್ರಾನ್ಸಾಕ್ಷನ್ ಒಳಗೇ ಹೋಲಿಸಿದ್ದರೆ 200 ಅನ್ನುವ ಉತ್ತರ ಬಂದ ಕೂಡಲೇ ರೋಲ್‌ಬ್ಯಾಕ್ ಮಾಡಿ ಎಲ್ಲ ಹಿಂದಕ್ಕೆ ತರಬಹುದಿತ್ತು, ಒಬ್ಬರೂ ಹೋಗುತ್ತಿರಲಿಲ್ಲ. ಹೀಗೆ ಬರೆಯಿರಿ:

ವಿತ್ ಕನೆಕ್ಷನ್:
    ಕರ್ಸರ್ = ಕನೆಕ್ಷನ್.ಎಕ್ಸಿಕ್ಯೂಟ್("ಡಿಲೀಟ್ ಫ್ರಮ್ ಸದಸ್ಯರು ವೇರ್ ಸಂಖ್ಯೆ = ?", (ಸಂಖ್ಯೆ,))
    ಇಫ್ ಕರ್ಸರ್.ರೋಕೌಂಟ್ != 1:
        ರೇಸ್ ವ್ಯಾಲ್ಯೂಎರರ್("ಒಂದು ಸಾಲು ಹೋಗಬೇಕಿತ್ತು")

ವಿತ್ ಬ್ಲಾಕ್ ಸರಿಯಾಗಿ ಮುಗಿದರೆ ತಾನೇ ಕಮಿಟ್ ಮಾಡುತ್ತದೆ, ಒಳಗೆ ಎರರ್ ಎದ್ದರೆ ತಾನೇ ರೋಲ್‌ಬ್ಯಾಕ್ ಮಾಡುತ್ತದೆ. ಕನೆಕ್ಷನನ್ನು ಮಾತ್ರ ಮುಚ್ಚುವುದಿಲ್ಲ, ಅದನ್ನು ನೀವೇ ಮುಚ್ಚಬೇಕು. ರೋಕೌಂಟ್ ಅಂದರೆ ಹೋದ ಸಾಲುಗಳ ಎಣಿಕೆ. ಅದು ಸೊನ್ನೆ ಬಂದರೂ ಸುಮ್ಮನೆ ಬಿಡಬೇಡಿ. ಅಂಥ ಸಂಖ್ಯೆಯೇ ಇಲ್ಲ ಅಥವಾ ಆಗಲೇ ಯಾರೋ ಅಳಿಸಿದ್ದಾರೆ ಅಂತ ಅರ್ಥ. ಡಿಲೀಟ್‌ಗೆ ಯಾವ ಸಾಲೂ ಸಿಗದಿದ್ದರೆ ಅದು ಎರರ್ ಅಲ್ಲ, ಹಾಗಾಗಿ ನೀವು ಕೇಳದೆ ಅದು ಹೇಳುವುದಿಲ್ಲ. ಜಾವಾದಲ್ಲಿ ಎಕ್ಸಿಕ್ಯೂಟ್‌ಅಪ್‌ಡೇಟ್, ಡಾಟ್‌ನೆಟ್‌ನಲ್ಲಿ ಎಕ್ಸಿಕ್ಯೂಟ್‌ನಾನ್‌ಕ್ವೆರಿ ಇದೇ ಎಣಿಕೆಯನ್ನು ವಾಪಸ್ ಕೊಡುತ್ತವೆ. ಎಷ್ಟೋ ಜನ ಅದನ್ನು ಹಿಡಿದುಕೊಳ್ಳುವುದೇ ಇಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಇಂಥ ಅನಾಹುತಕ್ಕೆಂದೇ ಸೇಫ್ ಅಪ್‌ಡೇಟ್ಸ್ ಅನ್ನುವ ಆಯ್ಕೆ ಇದೆ. ವೇರ್‌ನಲ್ಲಿ ಕೀ ಕಾಲಂ ಇಲ್ಲದೆ, ಲಿಮಿಟ್ ಕೂಡ ಇಲ್ಲದೆ ಡಿಲೀಟ್ ಕೊಟ್ಟರೆ ಎರರ್ 1175 ಕೊಟ್ಟು ನಿಲ್ಲಿಸುತ್ತದೆ. ಆ ಆಯ್ಕೆಗೆ ಅವರೇ ಇಟ್ಟ ಇನ್ನೊಂದು ಹೆಸರು ಐ-ಆಮ್-ಎ-ಡಮ್ಮಿ. ತಮಾಷೆಗೆ ಇಟ್ಟಿದ್ದಾರೆ, ಆದರೂ ಆನ್ ಮಾಡಿಕೊಳ್ಳಲು ನಾಚಿಕೆ ಬೇಡ. ಎಸ್‌ಕ್ಯೂಲೈಟ್‌ನಲ್ಲಿ ಆ ಕಾವಲು ಇಲ್ಲ.

ಈಗ ನಿಮ್ಮ ವಿಚಿತ್ರಕ್ಕೆ ಬರೋಣ. ಹೊಸಬರ ಲೆಕ್ಕದಲ್ಲಿ ಹಳೇ ಹಾಲು. ಇದರಲ್ಲಿ ಎರಡು ಸಂಗತಿ ಕೂಡಿಕೊಂಡಿವೆ, ಬೇರೆ ಬೇರೆಯಾಗಿದ್ದರೆ ಎರಡೂ ಅಷ್ಟು ಕೆಟ್ಟದ್ದಲ್ಲ.

ಒಂದು, ಸದಸ್ಯರ ಟೇಬಲ್‌ನಲ್ಲಿ ಸಂಖ್ಯೆ ಕಾಲಂ ಬಹುಶಃ ಇಂಟಿಜರ್ ಪ್ರೈಮರಿ ಕೀ ಅಂತಷ್ಟೇ ಇದೆ. ಆಗ ಎಸ್‌ಕ್ಯೂಲೈಟ್ ಹೊಸ ಸಾಲಿಗೆ ಈಗಿರುವ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿ ಕೊಡುತ್ತದೆ. 204ನೇ ಸದಸ್ಯ ಕೊನೆಯವನು ಅಂದುಕೊಳ್ಳಿ. ಅವನನ್ನು ಅಳಿಸಿದಿರಿ, ಈಗ ದೊಡ್ಡದು 203. ಮುಂದೆ ಸೇರಿದವರಿಗೆ ಮತ್ತೆ 204 ಸಿಗುತ್ತದೆ. ಜೊತೆಗೆ ಆಟೋಇನ್‌ಕ್ರಿಮೆಂಟ್ ಅಂತ ಬರೆದಿದ್ದರೆ ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೆ ಕೊಡುತ್ತಿರಲಿಲ್ಲ.

ಎರಡು, 204ರ ಹಾಲಿನ ಎಂಟ್ರಿಗಳು ಹಾಲಿನ ಟೇಬಲ್‌ನಲ್ಲಿ ಹಾಗೇ ಉಳಿದಿದ್ದವು. ನೀವು ಟೇಬಲ್ ಮಾಡುವಾಗ ಫಾರಿನ್ ಕೀ (ಈ ಕಾಲಂನ ಬೆಲೆ ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕು ಅನ್ನುವ ನಿಯಮ) ಬರೆದಿದ್ದೀರೋ ಇಲ್ಲವೋ ನಾನು ಕಾಣೆ, ಆದರೆ ಬರೆದಿದ್ದರೂ ಪ್ರಯೋಜನ ಆಗಿರುತ್ತಿರಲಿಲ್ಲ. ಎಸ್‌ಕ್ಯೂಲೈಟ್ ಫಾರಿನ್ ಕೀ ಪಾಲಿಸಲು ಶುರು ಮಾಡಿದ್ದೇ 2009ರಲ್ಲಿ, 3.6.19ನೇ ಆವೃತ್ತಿಯಿಂದ. ಹಳೇ ಪ್ರೋಗ್ರಾಂಗಳು ಮುರಿಯಬಾರದು ಅಂತ ಅದನ್ನು ಆಫ್ ಇಟ್ಟೇ ಕೊಟ್ಟರು, ಈಗಲೂ ಹಾಗೇ ಇದೆ. ಪ್ರತಿ ಸಲ ಕನೆಕ್ಟ್ ಆದ ಕೂಡಲೇ ಪ್ರಾಗ್ಮಾ ಫಾರಿನ್_ಕೀಸ್ = ಆನ್ ಅಂತ ಓಡಿಸಬೇಕು. ಫೈಲ್‌ನಲ್ಲಿ ಇದು ಉಳಿಯುವುದಿಲ್ಲ. ಟ್ರಾನ್ಸಾಕ್ಷನ್ ನಡುವೆ ಹೇಳಿದರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ.

ಅದನ್ನು ಆನ್ ಮಾಡಿ, ಹಾಲಿನ ಟೇಬಲ್‌ನ ಸದಸ್ಯ_ಸಂಖ್ಯೆಗೆ ರೆಫರೆನ್ಸಸ್ ಸದಸ್ಯರು(ಸಂಖ್ಯೆ) ಅಂತ ಬರೆದಿದ್ದರೆ, ಹಾಲು ಹಾಕಿದ ಸದಸ್ಯನನ್ನು ಅಳಿಸಲು ಹೋದಾಗ ಫಾರಿನ್ ಕೀ ಕನ್‌ಸ್ಟ್ರೇಂಟ್ ಫೇಲ್ಡ್ ಅಂತ ಬಂದು ನಿಲ್ಲುತ್ತದೆ. ಆ ಎರರ್ ನಿಮ್ಮ ಮಿತ್ರ. ಈಗಿರುವ ಟೇಬಲ್‌ಗೆ ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ಅಂಟಿಸಲು ಆಗುವುದಿಲ್ಲ. ಹೊಸ ಟೇಬಲ್ ಮಾಡಿ, ಸಾಲುಗಳನ್ನು ಅದಕ್ಕೆ ತುಂಬಿ, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೇ ಹೆಸರು ಇಡಬೇಕು.

ಎರರ್ ತಪ್ಪಿಸಲು ಆನ್ ಡಿಲೀಟ್ ಕ್ಯಾಸ್ಕೇಡ್ ಹಾಕಿ ಅಂತ ಯಾರಾದರೂ ಹೇಳಬಹುದು. ಡೇರಿ ಲೆಕ್ಕಕ್ಕೆ ಅದು ಬೇಡವೇ ಬೇಡ. ಸದಸ್ಯನ ಜೊತೆಗೆ ಅವನು ಹಾಕಿದ ಹಾಲೆಲ್ಲ ಮಾಯವಾಗುತ್ತದೆ, ಅವನಿಗೆ ಬರಬೇಕಾದ ಬಟವಾಡೆಗೂ ಸಾಕ್ಷಿ ಉಳಿಯೋದಿಲ್ಲ. ಇನ್ನೂ ಒಂದು ಮೋಸ: ಕ್ಯಾಸ್ಕೇಡ್‌ನಲ್ಲಿ ಹೋದ ಸಾಲುಗಳು ರೋಕೌಂಟ್‌ನಲ್ಲಿ ಸೇರುವುದಿಲ್ಲ. ನೀವು ಒಂದು ಅಂತ ನೋಡಿ ಸಮಾಧಾನ ಪಡುತ್ತೀರಿ, ಹಿಂದೆ ಸಾವಿರ ಎಂಟ್ರಿ ಹೋಗಿರುತ್ತದೆ.

ನನ್ನನ್ನು ಕೇಳಿದರೆ ಸದಸ್ಯರ ಪರದೆಯಲ್ಲಿ ಡಿಲೀಟ್ ಬಟನ್ನೇ ಬೇಡ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಕೆಳಗೆ ನಡೆಯುವ ಸಂಘಕ್ಕೆ ಆಡಿಟ್ ಇದ್ದೇ ಇರುತ್ತದೆ. ಬಿಟ್ಟವರ ಲೆಕ್ಕ ಕೇಳಿದರೆ ತೋರಿಸಬೇಕು. ಸದಸ್ಯರ ಟೇಬಲ್‌ಗೆ ಬಿಟ್ಟ_ದಿನಾಂಕ ಅಂತ ಒಂದು ಕಾಲಂ ಸೇರಿಸಿ. ಬಟನ್ ಒತ್ತಿದರೆ ಅಪ್‌ಡೇಟ್ ಆಗಿ ಅಲ್ಲಿ ತಾರೀಖು ಕೂರಲಿ. ಈಗಿನವರ ಪಟ್ಟಿಗೆ ವೇರ್ ಬಿಟ್ಟ_ದಿನಾಂಕ ಈಸ್ ನಲ್ (ತಾರೀಖು ಖಾಲಿ) ಅನ್ನುವ ಒಂದು ವ್ಯೂ (ಹೆಸರಿಟ್ಟು ಉಳಿಸಿದ ಸೆಲೆಕ್ಟ್) ಮಾಡಿಟ್ಟು, ಎಲ್ಲ ಕಡೆ ಅದನ್ನೇ ಬಳಸಿ. ಇಲ್ಲಿ ಈಸ್ ನಲ್ ಅಂತಲೇ ಬರೆಯಬೇಕು; = ನಲ್ ಅಂದರೆ ಒಂದು ಸಾಲೂ ಸಿಗುವುದಿಲ್ಲ. ಈ ದಾರಿಯಲ್ಲೂ ರೋಕೌಂಟ್ ಪರೀಕ್ಷೆ ಬಿಡಬೇಡಿ, ಅಪ್‌ಡೇಟ್ ಕೂಡ ಎಲ್ಲರನ್ನೂ ಒಟ್ಟಿಗೆ ಬಿಡಿಸಬಲ್ಲದು. ತಪ್ಪಾಗಿ ಎಂಟ್ರಿಯಾದ ಹಾಲಿಗೂ ಹಾಗೇ: ಬಟವಾಡೆ ಆಗಿಹೋಗಿದ್ದರೆ ಅಳಿಸಬೇಡಿ, ಅಷ್ಟೇ ಲೀಟರ್ ಕಳೆಯುವ ಇನ್ನೊಂದು ಸಾಲು ಹಾಕಿ, ಕಾರಣ ಬರೆಯಿರಿ.

ಬಿಟ್ಟವರ ಆಧಾರ್, ಫೋನ್, ಬ್ಯಾಂಕ್ ಖಾತೆ ಇಟ್ಟುಕೊಳ್ಳಬೇಕಾ ಅನ್ನುವುದು ಬೇರೆ ಪ್ರಶ್ನೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ತಮ್ಮ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕು ಇದೆ, ಕಾನೂನು ಪ್ರಕಾರ ಇಟ್ಟುಕೊಳ್ಳಲೇಬೇಕಾದ್ದನ್ನು ಬಿಟ್ಟು. ಆ ಕಾಲಂಗಳನ್ನು ಮಾತ್ರ ನಲ್ ಮಾಡಿದರೆ ಲೆಕ್ಕವೂ ಉಳಿಯುತ್ತದೆ.

ಮೂರು ವರ್ಷಕ್ಕಿಂತ ಹಳೆಯದನ್ನು ತೆಗೆಯುವ ಯೋಚನೆ ಕೈಬಿಡಿ. 200 ಜನ, ದಿನಕ್ಕೆ ಎರಡು ಹೊತ್ತು ಅಂದರೆ 400 ಸಾಲು, ವರ್ಷಕ್ಕೆ 1,46,000. ಎಸ್‌ಕ್ಯೂಲೈಟ್‌ಗೆ ಇದು ಏನೇನೂ ಅಲ್ಲ. ನಿಧಾನ ಆಗಿರುವುದು ಹೆಚ್ಚಾಗಿ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲದ್ದಕ್ಕೆ. ಹಾಲಿನ ಟೇಬಲ್‌ನಲ್ಲಿ ಸದಸ್ಯ_ಸಂಖ್ಯೆ, ದಿನಾಂಕ ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ ಮಾಡಿ ನೋಡಿ. ಅಳಿಸಿದರೆ ಫೈಲ್ ಕೂಡ ಚಿಕ್ಕದಾಗುವುದಿಲ್ಲ. ಖಾಲಿಯಾದ ಜಾಗವನ್ನು ಮುಂದಿನ ಎಂಟ್ರಿಗೆ ಅಂತ ಇಟ್ಟುಕೊಳ್ಳುತ್ತದೆ. ಚಿಕ್ಕದಾಗಬೇಕಾದರೆ ವ್ಯಾಕ್ಯೂಮ್ ಓಡಿಸಬೇಕು, ಅದಕ್ಕೆ ಫೈಲ್‌ನ ಎರಡರಷ್ಟು ಜಾಗ ಡಿಸ್ಕ್‌ನಲ್ಲಿ ಬೇಕಾಗಬಹುದು.

ಅದಕ್ಕಿಂತ ಜಾಸ್ತಿ ಭಯ ನನಗೆ ದಿನಾಂಕದ್ದು. ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕ ಅನ್ನುವ ಬಗೆಯೇ ಇಲ್ಲ, ನೀವು ಬರೆದದ್ದು ಪಠ್ಯವಾಗಿ ಕೂರುತ್ತದೆ. ನಮ್ಮವರ ರೂಢಿಯಂತೆ 05-01-2025 ಅಂತ ಇಟ್ಟಿದ್ದರೆ, 10-12-2022ಕ್ಕಿಂತ ಹಿಂದಿನದನ್ನು ಅಳಿಸು ಅಂದಾಗ ಅದೂ ಹೋಗುತ್ತದೆ. ಅಕ್ಷರ ಅಕ್ಷರ ಹೋಲಿಸುವಾಗ 05 ಅನ್ನುವುದು 10ಕ್ಕಿಂತ ಮೊದಲು ಬರುತ್ತದೆ, ವರ್ಷದವರೆಗೆ ಕಣ್ಣು ಹೋಗುವುದೇ ಇಲ್ಲ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: 2025-01-05. ಹೀಗಿದ್ದರೆ ಹೋಲಿಕೆ ಸರಿಯಾಗುತ್ತದೆ. ಪರದೆಯಲ್ಲಿ ಹೇಗೆ ಬೇಕೋ ಹಾಗೆ ತೋರಿಸಿ.

ಸಬ್‌ಕ್ವೆರಿ (ಸ್ಟೇಟ್‌ಮೆಂಟ್ ಒಳಗೆ ಇನ್ನೊಂದು ಸೆಲೆಕ್ಟ್) ಹಾಕಿ ಅಳಿಸುವವರಿಗೆ ಒಂದು ಎಚ್ಚರಿಕೆ, ನೀವೂ ಒಂದು ದಿನ ಬರೆದೇ ಬರೆಯುತ್ತೀರಿ. ಡಿಲೀಟ್ ಫ್ರಮ್ ಹಾಲು ವೇರ್ ಸದಸ್ಯ_ಸಂಖ್ಯೆ ಇನ್ (ಸೆಲೆಕ್ಟ್ ಸದಸ್ಯ_ಸಂಖ್ಯೆ ಫ್ರಮ್ ಬಿಟ್ಟವರು). ನೋಡಲು ಚೆನ್ನಾಗಿದೆ. ಬಿಟ್ಟವರು ಟೇಬಲ್‌ನಲ್ಲಿ ಆ ಕಾಲಂ ಹೆಸರು ಬರೀ ಸಂಖ್ಯೆ ಅಂತ ಇದ್ದರೆ ಎರರ್ ಬರಬೇಕಲ್ವಾ? ಬರುವುದಿಲ್ಲ. ಒಳಗೆ ಸಿಗದ ಹೆಸರನ್ನು ಹೊರಗಿನ ಹಾಲು ಟೇಬಲ್‌ನಿಂದ ತೆಗೆದುಕೊಳ್ಳುತ್ತದೆ. ಪ್ರತಿ ಸಾಲೂ ತನಗೆ ತಾನೇ ಸಮ, ಬಿಟ್ಟವರು ಟೇಬಲ್‌ನಲ್ಲಿ ಒಬ್ಬರಿದ್ದರೂ ಹಾಲೆಲ್ಲ ಖಾಲಿ. ಎಸ್‌ಕ್ಯೂಎಲ್‌ನ ನಿಯಮವೇ ಇದು, ಬೇರೆ ಡೇಟಾಬೇಸ್‌ಗಳಲ್ಲೂ ಹೀಗೇ ಆಗುತ್ತದೆ. ಒಳಗಿನ ಕಾಲಂ ಹೆಸರಿನ ಹಿಂದೆ ಟೇಬಲ್ ಹೆಸರು ಸೇರಿಸಿ, ಬಿಟ್ಟವರು.ಸದಸ್ಯ_ಸಂಖ್ಯೆ ಅಂತ ಬರೆದರೆ ಎರರ್ ಬಂದು ಕಾಪಾಡುತ್ತದೆ.

ಪೆನ್‌ಡ್ರೈವ್ ಕಾಪಿ ಇಟ್ಟಿದ್ದಕ್ಕೆ ಶಹಬ್ಬಾಸ್. ಪ್ರೋಗ್ರಾಂ ಓಡುತ್ತಿರುವಾಗ ಫೈಲ್ ಕಾಪಿ ಮಾಡಿದರೆ ಅರ್ಧಂಬರ್ಧ ಬರಬಹುದು, ಅದರ ಬದಲು ಪೈಥಾನ್ 3.7ರಿಂದ ಇರುವ ಕನೆಕ್ಷನ್.ಬ್ಯಾಕಪ್ ಬಳಸಿ. ಆಗಾಗ ಆ ಕಾಪಿಯನ್ನು ತೆರೆದೂ ನೋಡಿ. 2017ರ ಜನವರಿ 31ರಂದು, ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಅಸಲಿ ಡೇಟಾಬೇಸ್‌ನ ಫೋಲ್ಡರ್ ತಪ್ಪಿ ಅಳಿಸಿಹೋದಾಗ, ದಿನದಿನದ ಬ್ಯಾಕಪ್ ಕೆಲಸವೇ ಮಾಡುತ್ತಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಸುಮಾರು ಆರು ಗಂಟೆಯ ಡೇಟಾ ಹೋಯಿತು. ಅದನ್ನು ಅವರೇ ಬಿಡಿಸಿ ಬರೆದು ಹೊರಗೆ ಹಾಕಿದರು.

ಈಗ ಬೆರೆತುಹೋದ ಲೆಕ್ಕ ಬಿಡಿಸುವುದು. ಮೊದಲು ದಿನಾಂಕದ ಕಾಲಂ ಸರಿ ಮಾಡಿ. ಸಬ್‌ಸ್ಟರ್‌ನಿಂದ ಕೊನೆಯ ನಾಲ್ಕು, ನಡುವಿನ ಎರಡು, ಮೊದಲ ಎರಡು ಅಂಕಿ ತೆಗೆದು ನಡುವೆ ಅಡ್ಡಗೆರೆ ಹಾಕಿ ಜೋಡಿಸುವ ಒಂದೇ ಅಪ್‌ಡೇಟ್ ಸಾಕು. ಆಮೇಲೆ ಸದಸ್ಯರ ಟೇಬಲ್‌ಗೆ ಸೇರಿದ_ದಿನಾಂಕ ಕಾಲಂ ಸೇರಿಸಿ, ಸಂಘದ ಸದಸ್ಯತ್ವದ ರಿಜಿಸ್ಟರ್ ನೋಡಿ ತುಂಬಿ. ಎರಡೂ ಟೇಬಲ್ ಜೋಡಿಸಿ, ಹಾಲಿನ ದಿನಾಂಕ ಸೇರಿದ_ದಿನಾಂಕಕ್ಕಿಂತ ಹಿಂದಿರುವ ಎಂಟ್ರಿಗಳನ್ನು ಸೆಲೆಕ್ಟ್ ಮಾಡಿ. ನಿಮಗೆ ಕಂಡಿದ್ದು ಒಬ್ಬರು. ಇದೇ ರೀತಿ ಸಂಖ್ಯೆ ಮರಳಿ ಸಿಕ್ಕವರು ಇನ್ನೂ ಇದ್ದರೆ ಇಲ್ಲಿ ಬರುತ್ತಾರೆ. ಹಳಬರನ್ನು ಹೊಸ ಸಂಖ್ಯೆ ಕೊಟ್ಟು, ಬಿಟ್ಟ_ದಿನಾಂಕ ಸಮೇತ ಮತ್ತೆ ಸೇರಿಸಿ. ನಂತರ ಒಂದೇ ಟ್ರಾನ್ಸಾಕ್ಷನ್ ಒಳಗೆ, ಆ ಹಿಂದಿನ ಎಂಟ್ರಿಗಳ ಸದಸ್ಯ_ಸಂಖ್ಯೆಯನ್ನು ಹಳಬರ ಹೊಸ ಸಂಖ್ಯೆಗೆ ಅಪ್‌ಡೇಟ್ ಮಾಡಿ. ಸೆಲೆಕ್ಟ್ ಎಷ್ಟು ಸಾಲು ತೋರಿಸಿತ್ತೋ ಅಷ್ಟೇ ರೋಕೌಂಟ್ ಬಂದರೆ ಕಮಿಟ್. ಕೊನೆಗೆ ಫಾರಿನ್ ಕೀ ಇರುವ ಹೊಸ ಟೇಬಲ್ ಮಾಡಿ, ಪ್ರಾಗ್ಮಾ ಫಾರಿನ್_ಕೀ_ಚೆಕ್ ಓಡಿಸಿ. ವಾರಸುದಾರರಿಲ್ಲದ ಹಾಲು ಇನ್ನೂ ಉಳಿದಿದ್ದರೆ ಸಾಲು ಸಾಲಾಗಿ ಅದೇ ತೋರಿಸುತ್ತದೆ. ಅವುಗಳನ್ನು ಅಳಿಸಬೇಡಿ, ಬಟವಾಡೆ ಪುಸ್ತಕದ ಜೊತೆ ತಾಳೆ ಹಾಕಿ ಯಾರದ್ದು ಅಂತ ಪತ್ತೆ ಮಾಡಿ.